ಏಳು ವರ್ಷದ ಹಿಂದಿನ ಮಣಿಕಟ್ಟು

ಡಂಡೀ ಊರಿನ ಆಸ್ಪತ್ರೆ, ಐದನೆಯ ಮಹಡಿ.
ಟೇ ನದಿಯ ಮೇಲೆ ಕಡಲ ಮಂಜು ಬಂದು ಕೂತಿದೆ,
ಸೇತುವೆಗೆ ಇವತ್ತು ಅರ್ಧವೇ ಮೈ.
ಕಿಟಕಿ ಪಕ್ಕದ ಹಾಸಿಗೆಯಲ್ಲಿ ನೆಟ್ಟಾ ಗೌರ್ಲಿ,
ವಯಸ್ಸು ಎಂಬತ್ತೊಂದು, ಮುರಿದದ್ದು ಎಡ ಸೊಂಟ.
ಬೆಕ್ಕಿನ ಬಟ್ಟಲು ತುಳಿಯಬಾರದೆಂದು ಹೆಜ್ಜೆ ತಪ್ಪಿಸಿ
ಅಡುಗೆಮನೆಯಲ್ಲೇ ಬಿದ್ದದ್ದು.
ಬೆಕ್ಕಿಗೇನೂ ಆಗಿಲ್ಲ, ಅಂತ ಮೊದಲೇ ಹೇಳಿಬಿಟ್ಟಳು.

ಉಕ್ಕಿನ ಮೊಳೆ ಕೂತಾಗಿದೆ, ಹೊಲಿಗೆ ಒಣಗುತ್ತಿದೆ.
ನಿನ್ನೆ ಎರಡು ಹೆಜ್ಜೆ, ಇವತ್ತು ಬಾಗಿಲವರೆಗೆ.
ಶಸ್ತ್ರವೈದ್ಯರ ಪಾಲಿಗೆ ಇದು ಮುಗಿದ ಕೆಲಸ,
ಒಳ್ಳೆಯ ಕೆಲಸವೇ.
ಎಲ್ಲರ ಕೆಲಸ ಮುಗಿದ ಮೇಲೆ ನನ್ನದು ಶುರು:
ನಿಂತ ಎತ್ತರದಿಂದ ಬಿದ್ದರೆ
ಅಷ್ಟಕ್ಕೇ ಮುರಿಯಿತೇಕೆ, ಎಂದು ಕೇಳುವುದು.

ಹಳೆಯ ಕಡತ ತೆಗೆದೆ.
ಫೆಬ್ರವರಿ, ಏಳು ವರ್ಷದ ಹಿಂದೆ, ಬಲ ಮಣಿಕಟ್ಟು.
ಬಸ್ಸಿಗೆ ಓಡುವಾಗ ಹೆಪ್ಪುಗಟ್ಟಿದ ನೀರಿನ ಮೇಲೆ ಜಾರಿ, ಕೈಯೂರಿ.
ಪ್ಲಾಸ್ಟರು, ಆರು ವಾರ, ಬಿಚ್ಚಿದ್ದು.
ಮುಂದಿನ ಭೇಟಿ: ಅಗತ್ಯವಿಲ್ಲ.
ಕೆಳಗೆ ಓರೆಯಾಗಿ ಎಳೆದ ಸಹಿ.
ನನ್ನದೇ.

ಆಗ ನಾನು ಪ್ಲಾಸ್ಟರು ಕೋಣೆಯವಳು.
ಒದ್ದೆ ಪಟ್ಟಿ ಸುತ್ತುವುದರಲ್ಲಿ ನನಗೆ ಹೆಸರಿತ್ತು.
ಇನ್ನು ಜಾರಬೇಡಮ್ಮಾ ಅಂದಿರಬೇಕು,
ಇಬ್ಬರೂ ನಕ್ಕಿರಬೇಕು.
ಅವಳ ಕೈ ಕಟ್ಟಿ ಕಳಿಸಿದೆ, ನನ್ನ ಕೈ ತೊಳೆದುಕೊಂಡೆ.
ಎಲುಬು ಆವತ್ತೇ ಕಾಗದ ಬರೆದಿತ್ತು.
ನಾನು ಹರಿದ ಲಕೋಟೆಯನ್ನಷ್ಟೇ ಅಂಟಿಸಿದ್ದೆ.

ಹೇಳಿದೆ ಅವಳಿಗೆ. ಹೇಳದೆ ಹೇಗೆ?
ಅವಳು ಬಲಗೈ ಎತ್ತಿ, ತಿರುಗಿಸಿ, ಬೆಳಕಿಗೆ ಹಿಡಿದಳು.
ಚೆನ್ನಾಗೇ ಕಟ್ಟಿದ್ದೀಯ, ಅಂದಳು.
ಆಮೇಲೆ ತುಂಬಾ ಹೊತ್ತು ಮಂಜು ನೋಡಿದಳು.

ನೋಡು ಹುಡುಗಿ,
ಹದಿನೈದಕ್ಕೆ ಸೆಣಬಿನ ಗಿರಣಿ ಸೇರಿದವಳು ನಾನು.
ಆ ಸದ್ದಿನಲ್ಲಿ ಮಾತಿಲ್ಲ, ತುಟಿ ಓದಬೇಕು, ಬೆರಳು ಓದಬೇಕು.
ಎಳೆ ಕಡಿದರೆ ಚಕ್ಕನೆ ಗಂಟು ಹಾಕುವುದು, ಅದು ಎಲ್ಲರಿಗೂ ಬರುತ್ತೆ.
ಗಂಟು ಹಾಕಿ ಸುಮ್ಮನಾದವಳಿಗೆ ಮೇಸ್ತ್ರಿಯ ಬೈಗುಳ.
ಯಾಕೆ ಕಡಿಯಿತು ನೋಡೇ!
ನಾರು ಒಣಗಿದೆಯೋ, ಕದಿರು ಬಿಗಿಯೋ,
ಒಂದು ಕಡಿದ ಮೇಲೆ ಪಕ್ಕದ್ದೂ ಕಡಿಯುತ್ತೆ ಕಾಣೇ!
ನಿಮ್ಮಲ್ಲಿ ಅಂಥ ಮೇಸ್ತ್ರಿ ಇರಲಿಲ್ಲವಾ?

ಇರಲಿಲ್ಲ. ಈಗ ನಾನೇ.

ಸ್ಕ್ಯಾನಿನ ಚಿತ್ರ ತೋರಿಸಿದೆ.
ಹೊರಗಿನಿಂದ ಚೀಲ, ಎತ್ತಿ ಹಿಡಿದರೆ
ಬೆಳಕು ಸೋರುವ ಹಳೆಯ ಗೋಣಿ.
ಗೋಣಿಯ ಮಾತು ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

ವಾರಕ್ಕೊಂದು ಮಾತ್ರೆ ಇದೆ, ಅಂದೆ,
ಬರಿಹೊಟ್ಟೆಯಲ್ಲಿ, ಲೋಟದ ತುಂಬ ನೀರು,
ಆಮೇಲೆ ಅರ್ಧ ಗಂಟೆ ಒರಗುವ ಹಾಗಿಲ್ಲ, ಚಹಾ ಕುಡಿಯುವ ಹಾಗಿಲ್ಲ.
ಚಹಾ ಇಲ್ಲದೆ ಅರ್ಧ ಗಂಟೆಯಾ?
ಆ ಸೊಂಟವೂ ಮುರಿಯಲಿ ಬಿಡು.
ಹಾಗಾದರೆ ವರ್ಷಕ್ಕೊಮ್ಮೆ ನರದೊಳಗೆ ಹನಿ,
ಹದಿನೈದು ಇಪ್ಪತ್ತು ನಿಮಿಷ.
ಅದಕ್ಕೆ ಮುಂಚೆ ರಕ್ತಪರೀಕ್ಷೆ, ಬಿಸಿಲಿನ ವಿಟಮಿನ್ನು
(ಈ ಊರಿನಲ್ಲಿ ಬಿಸಿಲನ್ನು ಬಾಟಲಿಯಲ್ಲೇ ಕೊಳ್ಳಬೇಕು),
ಮತ್ತೆ ಒಮ್ಮೆ ಹಲ್ಲು ತೋರಿಸಬೇಕು.
ಹಲ್ಲಾ? ಅಗೋ, ಬಟ್ಟಲಲ್ಲಿವೆ, ನೋಡಿಕೋ.

ನಗುವಾಗ ಸೊಂಟ ಹಿಡಿದುಕೊಂಡಳು.

ಈಗೀಗ ಮಧ್ಯಾಹ್ನ ಕೆಳಗಿಳಿದು
ಪ್ಲಾಸ್ಟರು ಕೋಣೆಯ ಬಾಗಿಲಲ್ಲಿ ನಿಲ್ಲುತ್ತೇನೆ.
ಐವತ್ತು ದಾಟಿದ ಯಾವ ಮಣಿಕಟ್ಟೂ
ನನ್ನ ಪುಸ್ತಕ ತಪ್ಪಿಸಿ ಮನೆಗೆ ಹೋಗದು.
ಹೋದರೆ, ಫೋನು. ಎತ್ತದಿದ್ದರೆ, ಮತ್ತೆ ಫೋನು.
ಪೀಡೆ ಅನ್ನುತ್ತಾರಂತೆ. ಅನ್ನಲಿ.

ಸಂಜೆ ಅವಳ ಹಾಸಿಗೆಯ ಬಳಿ ತಾರೀಕು ಬರೆದೆ.
ಗಾಯ ಮಾಗಲಿ, ಮೂರು ವಾರ ಬಿಟ್ಟು ಮೊದಲ ಹನಿ,
ಎರಡನೆಯದು ಬರುವ ವರ್ಷ ಇದೇ ಹೊತ್ತಿಗೆ,
ಮೂರನೆಯದು ಅದರಾಚೆಯ ವರ್ಷ.

ಅಲ್ಲಿಯವರೆಗೆ ನಾನಿರುತ್ತೇನೆ ಅಂತ
ಬರೆದುಕೊಂಡೆಯಾ?

ಬರೆದುಕೊಂಡೆ.

ಶಾಯಿಯಲ್ಲಾ?

ಶಾಯಿಯಲ್ಲೇ.