ಹಣಿಗಿಯ ಹಲ್ಲು

ಬ್ಯಾರೆ ಊರಾಗ ಕಂಪ್ಯೂಟರಿನ ಹೊಟ್ಟಿಯೊಳಗ
ಬೂದಿ ಬಣ್ಣದ ಧೂಳು ಇರತೈತಂತ.
ಬೆಟಗೇರಿಯಾಗ ಹಾಂಗಿಲ್ಲ ನೋಡ್ರಿ.
ಬಾಜೂಕಿನ ತಗಡು ಬಿಚ್ಚಿದ್ನಿ,
ಫ್ಯಾನಿನ ರೆಕ್ಕಿ ತುಂಬ ನೂಲಿನ ಜುಂಗು:
ಕೆಂಪು, ಗಿಣಿಹಸರು,
ಹ್ವಾದ ಪಂಚಮಿಗೆ ನೇಯ್ದು ಕೊಟ್ಟ ಸೀರಿಯ
ಬದನಿಕಾಯಿ ಬಣ್ಣ ಸೈತ.
ಇಪ್ಪತ್ತು ನಿಮಿಷಕ್ಕೊಮ್ಮೆ ಯಾಕ ಜೀವ ಬಿಡತಿತ್ತು
ಆಗ ತಿಳೀತು.
ಕಂಬಳಿ ಹೊದ್ದು ಬಿಸಲಾಗ ಕುಂತಿತ್ತು, ಪಾಪ.

ಅದರ ಹಣ್ಯಾಗ ಇನ್ನೂ ಏಳರ ಅಂಕಿ ಐತಿ, ಬಿಳಿ ಪೇಂಟಿನಾಗ.
ಹುಬ್ಬಳ್ಳಿಯಾಗ ಒಂದು ಸೈಬರ್ ಕೆಫೆ ಮುಚ್ಚೂ ಮುಂದ
ಮೂರು ಸಾವಿರಕ್ಕ ತಂದದ್ದು.
ಎಷ್ಟು ಹುಡುಗರ ರಿಸಲ್ಟು ಕಂಡೈತೋ,
ಎಷ್ಟು ಮಂದಿ ಅದರ ಮುಂದ ಅತ್ತಾರೋ.
ನನ್ನ ಕೈಗೆ ಬಂದ ಮ್ಯಾಲ ಬರೇ ಮದುವಿ.
ಗದಗಿನ ಪ್ರೆಸ್ಸಿನವರು ಕಳಿಸಿದ್ದೆಲ್ಲಾ ಟೈಪು ಮಾಡತೇನಿ.
ಮೊನ್ನೆ ಹೊಳೆಆಲೂರಿನ ಬ್ಯಾಳಿಯವರ ಕಾರ್ಡು,
‘ಶುಭ’ ಅಂತ ಹೊಡದಿದ್ದೆ, ‘ವಿವಾಹ’ ಹೊಡ್ಯೂದರಾಗ
ಕತ್ತಲಿ.

ಚಿಪ್ಪಿನ ಮ್ಯಾಲ ಹಚ್ಚೂ ಪೇಸ್ಟು
ಕಡ್ಲಿ ಕಾಳಿನಷ್ಟು ಸಾಕು ಅಂದ ದಾದಾಪೀರ, ಫೋನಿನಾಗ.
ಕಡ್ಲಿ ಅಂದ್ರ ನೆನಸಿದ್ದೋ, ಒಣಗಿದ್ದೋ?
ಕೇಳೂದರಾಗ ಅವನ ಅಂಗಡಿಗೆ ಗಿರಾಕಿ ಬಂದ.
ಎಲಿ ಹಾಕ್ಕೋತ ಕುಂತಿದ್ದ ನಮ್ಮತ್ತಿ
ಇತ್ತ ತಾ ಅಂದು ಬೊಟ್ಟು ಚಾಚಿದ್ಲು:
‘ಸುಣ್ಣ ಹೆಚ್ಚಾದ್ರ ಬಾಯಿ ಸುಡತೈತಿ,
ಕಡಿಮ್ಯಾದ್ರ ಕೆಂಪ ಆಗಂಗಿಲ್ಲ.’
ಅಷ್ಟೇ. ಒಂದ ಸಲ ಸವರಿ, ಬೊಟ್ಟು ಸೆರಗಿಗೆ ಒರಿಸಿಗೊಂಡ್ಲು.

ಬಿಸಿ ಹೋತು, ಆಸಿ ಬಂತು.
ಕೈ ಹಾಕೇನಿ ಅಂದ ಮ್ಯಾಲ ಒಂದೀಟು ಜೋರೂ ಆಗಲಿ ಅಂತ
ಕೊಪ್ಪಿಕರ್ ರೋಡಿಗೆ ಹೋಗಿ ನಾಕು ಜಿಬಿಯ ರ‍್ಯಾಮ್ ತಂದೆ.
ಹಳೇದರ ಬಾಜೂಕ, ಎರಡನೇ ಸ್ಲಾಟಿನಾಗ
ಟಕ್ ಅನ್ನೂ ತನಕ ಒತ್ತಿದೆ.
ಒಂದು ಉದ್ದ ಕೂಗು, ಎರಡು ಗಿಡ್ಡ. ಪರದಿ ಕರ‍್ರಗ.
ಮಗಳ ಕಂಪಾಸಿನ ರಬ್ಬರಿಲೆ
ಬಂಗಾರದ ಹಲ್ಲು ತಿಕ್ಕಿದೆ. ಮತ್ತ ಕೂಗು.
ಮಾಲು ಖೊಟ್ಟಿ ಅಂತ ಬಸ್ಸು ಹತ್ತಿ
ಅಂಗಡಿಯವನ ಸಂಗಾಟ ಜಗಳಾಡಿ ಬದಲಿ ತಂದೆ.
ಅದೂ ಕೂಗಿತು.
ಮನಿಯವರು ಊಟಕ್ಕ ಕುಂತಲ್ಲಿಂದನ
ಹೊಸದ ತಗೊಂಡ್ರಾತು ಬಿಡು ಅಂದ್ರು.
ತಗೊಳ್ಳಾಕ ರೊಕ್ಕ ಯಾವ ಸ್ಲಾಟಿನಾಗ ಐತಿ?

ನಮ್ಮತ್ತಿ ಮಗ್ಗ ನಿಂದರಿಸಿದ್ಲು.
‘ಕಡದದ್ದು ಎಲ್ಲಿ?’
‘ಇಲ್ಲಿ. ಎರಡೂ ಸಲ ಇಲ್ಲೇ.’
‘ಒಂದ ಜಾಗದಾಗ ಮತ್ತ ಮತ್ತ ಕಡದ್ರ
ಎಳಿ ಬೈಬಾರದ ತಂಗಿ,
ಹಣಿಗಿಯ ಹಲ್ಲು ನೋಡಬೇಕು.’

ಹೊಸದನ್ನ ತಗದು ಒಂದನೇ ಸ್ಲಾಟಿಗೆ ಹಾಕಿದೆ. ಬೆಳಕು.
ಹಳೇದನ್ನ ಅದರಾಗ ಹಾಕಿದೆ. ಬೆಳಕು.
ಎರಡನೇದರಾಗ ಯಾರನ್ನ ಕುಂದರಿಸಿದ್ರೂ ಕೂಗು.
ಎರಡು ದಿವಸ ನಾ ಬೈದದ್ದು
ಕುಂತವರನ್ನ. ಕೆಟ್ಟದ್ದು ಕುರ್ಚಿ.
ಅಂಗಡಿಯವಗ ಫೋನ್ ಹಚ್ಚಿ ತಪ್ಪಾತಣ್ಣ ಅಂದೆ.
ಅಂವ ನಕ್ಕು, ನಾಕರ ಬದ್ಲಿ ಎಂಟರದು ಒಂದ ಒಯ್ರಿ ಅಂದ.

ಅದರ ಸಂಗಾಟ ಒಂದು ಎಸ್‌ಎಸ್‌ಡಿಯೂ ಬಂತು,
ಬಿಸ್ಕೀಟಿನಷ್ಟು ಹಗೂರ.
ಹಳೇ ಹಾರ್ಡ್ ಡಿಸ್ಕು ಗರ‍್ರ ಗರ‍್ರ ಅಂತಿತ್ತು,
ಅತ್ತಿಯ ಲಾಳಿಯ ಜೋಡಿ ದನಿಗೂಡಿಸಿ.
ಈಗ ಉಸರಿಲ್ಲ.
ಅಕಿ ಲಾಳಿ ಹಿಡಕೊಂಡ ಕೈಲೇ ಹೊಳ್ಳಿ ಕೇಳತಾಳ:
‘ಸಪ್ಪಳ ಇಲ್ಲಂದ್ರ ಕೆಲಸ ನಡದೈತಿ ಅಂತ
ಹ್ಯಾಂಗ ನಂಬೂದು?’
ಉತ್ತರ ಇಲ್ಲ ನನ್ನ ಕಡೆ.
ಅಕಿಯ ಅಂಗೈ ತಗೊಂಡು ತಗಡಿನ ಮ್ಯಾಲ ಇಟ್ಟೆ,
ಏಳರ ಅಂಕಿಯ ಬಾಜೂಕ. ಸಣ್ಣಗ ನಡಗತಿತ್ತು.

ಮುಚ್ಚೂಕಿಂತ ಮೊದಲ ಎರಡನೇ ಸ್ಲಾಟಿಗೆ
ಕಾಗದದ ಚೀಟಿ ಅಂಟಿಸಿ ಬರದೆ: ಇಲ್ಲಿ ಬ್ಯಾಡ.
ಮುಂದ ಬಿಚ್ಚೂ ಕೈ ಯಾರದೋ.

‘ವಿವಾಹ’ ಹೊಡದಾತು, ಮುಹೂರ್ತ ಹೊಡದಾತು,
ಬ್ಯಾಳಿಯವರ ಹನ್ನೊಂದು ಮಂದಿ ಕಾಕಾಗೋಳ ಹೆಸರೂ.
ಈಗ ಪ್ರಿಂಟರ್ ಒಲ್ಲೆ ಅಂತ ಕುಂತೈತಿ.
ಸ್ಕ್ರೂಡ್ರೈವರ್ ಎಲ್ಲಿಟ್ಟೆ?