ಹಾಜರಿ ಕೂಗುವಾಗ

ಪಟ್ಟಿಯಲ್ಲಿ ಅವಳದು ಕೊನೆಯ ಹೆಸರು.
ತಪ್ಪು ಅಕ್ಷರಮಾಲೆಯದು; ಹ ಬರುವುದೇ ಕೊನೆಗೆ.
ಹುಲಿಗೆವ್ವ. ಕೊಪ್ಪಳದ ಕಡೆಯವಳು.
ಕೂಳೂರು ಸೇತುವೆ ದಾಟಿದರೆ ಹದಿನಾಲ್ಕು ಮಾಳಿಗೆ
ಏಳುತ್ತಿದ್ದ ಕಟ್ಟಡ, ಅದರ ಬುಡದಲ್ಲಿ
ನೀಲಿ ಶೀಟಿನ ಮನೆ. ಎಣ್ಣೆ ಹಚ್ಚಿದ ಜಡೆಯಲ್ಲೂ
ಒಂದಿಷ್ಟು ಸಿಮೆಂಟಿನ ಬೂದಿ.

ಮೊದಲ ದಿನ ವಸಂತ ಮಾಷ್ಟ್ರು ಕೂಗಿದಾಗ
ಎದ್ದು ನಿಂತು, ಗಂಟಲು ಬಿಚ್ಚಿ ಅಂದಳು:
"ಅದೀನ್ರೀ ಸರ್."

ಸಾಕಿತ್ತು ನಮಗೆ.
ಹುಲಿ ಅಂದರೆ ಇಲ್ಲಿ ಪಿಲಿ. ಪಿಲಿ ಅಂದರೆ ತಾಸೆ.
ಮರುದಿನದಿಂದ ಅವಳ ನೆರಳು ಬಾಗಿಲಿಗೆ ಬಿದ್ದರೆ
ಹಿಂದಿನ ಬೆಂಚಿನಲ್ಲಿ ಧನ್‌ರಾಜನ ಬೆರಳು ಏಳುವುದು,
ಡೆಸ್ಕಿಗೆ ಡೆಸ್ಕು ಸೇರುವುದು,
ಜೂನ್ ತಿಂಗಳಲ್ಲೇ ಮಾರ್ನೆಮಿ.
ನಾನೂ ಬಾರಿಸಿದ್ದೇನೆ. ಚೆನ್ನಾಗಿಯೇ ಬಾರಿಸಿದ್ದೇನೆ.
ನನ್ನ ಸೋದರಮಾವ ವರ್ಷವರ್ಷ ಬಣ್ಣ ಹಚ್ಚುವವನು;
ಆ ಪೆಟ್ಟನ್ನು ಯಾರೂ ನನಗೆ ಕಲಿಸಬೇಕಿರಲಿಲ್ಲ.

ಆಮೇಲೆ ಅವಳು ಓಗೊಡುವುದನ್ನೇ ಬಿಟ್ಟಳು.
ಹೆಸರು ಬಂದಾಗ ಡೆಸ್ಕಿನ ಮೇಲೆ ಯಾರೋ ಕೈವಾರದಲ್ಲಿ
ಕೊರೆದ ದೋಣಿಯನ್ನು ಉಗುರಿನಿಂದ ತಿದ್ದುತ್ತ ಕೂತಳು.
ಮಾಷ್ಟ್ರು ತಲೆ ಎತ್ತದೆ ಗೈರು ಹಾಕಿದರು.
ಹೀಗೆ ಒಂಬತ್ತು ದಿನ
ನಮ್ಮ ಕಣ್ಣೆದುರೇ ಕೂತವಳು
ಶಾಲೆಗೆ ಬಂದಿರಲಿಲ್ಲ.

ಹತ್ತನೆಯ ದಿನ, ಬಿಸಿಯೂಟದ ತಟ್ಟೆ ತೊಳೆಯುವ ನಳ್ಳಿಯ ಹತ್ತಿರ
ಲವೀನಾ ಡಿಸಿಲ್ವ ಅಂದಳು,
"ಹಾಜರಿ ಕಮ್ಮಿಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲವಂತೆ."
ಯಾರೂ ಮಾತಾಡಲಿಲ್ಲ.
ತೊಳೆದ ತಟ್ಟೆಯನ್ನೇ ಮತ್ತೆ ಮತ್ತೆ ತೊಳೆದೆವು.

ನಮ್ಮ ಮೊದಲ ಒಳ್ಳೆಯತನ ಕೆಟ್ಟುಹೋಯಿತು.
ಎಲ್ಲರೂ ಅವಳಂತೆಯೇ ಹೇಳುವುದೆಂದು ಮಾತಾಗಿತ್ತು.
ಒಬ್ಬೊಬ್ಬರೇ ಎದ್ದು "ಅದೀನ್ರೀ ಸರ್", "ಅದೀನ್ರೀ ಸರ್".
ಐದನೆಯವನಿಗೆ ಮಾಷ್ಟ್ರ ಬೆತ್ತ ಮೇಜಿಗೆ ಬಿತ್ತು,
"ಪಾಪದವಳನ್ನು ಗೇಲಿ ಮಾಡುತ್ತೀರಾ?"
ಅವಳು ಎರಡೂ ಕಿವಿ ಮುಚ್ಚಿ ಬಗ್ಗಿದಳು.
ಕಡ ತಂದ ಮಾತು.
ನಮ್ಮ ಬಾಯಲ್ಲಿ ಅದಿನ್ನೂ ಅಣಕವೇ ಆಗಿತ್ತು.

ಮಾರನೆಯ ದಿನದ ಉಪಾಯ ಯಾರದೋ ಗೊತ್ತಿಲ್ಲ.
ಈಗ ಕೇಳಿದರೆ ಎಲ್ಲರೂ ತಮ್ಮದೇ ಅನ್ನುತ್ತಾರೆ.

"ಅಶ್ವಿತಾ."
"ಯಾನ್ ಉಲ್ಲೆ ಸರ್."
ತುಳು ಆಡಿದರೆ ಐದು ರೂಪಾಯಿ ದಂಡವಿದ್ದ ಕ್ಲಾಸು ಅದು.
ಪೆನ್ನು ನಿಂತಿತು.
"ಕರುಣಾಕರ."
"ನಾ ಇದ್ದೆ ಕಾಣಿ ಸರ್", ಅವನು ಕುಂದಾಪುರದವನು,
ಎರಡು ವರ್ಷದಿಂದ ಅದನ್ನು ಮುಚ್ಚಿಟ್ಟುಕೊಂಡಿದ್ದ.
"ಧನ್‌ರಾಜ."
"ಯೆಸ್ ಸರ್."
ಅಂದು ಆ ಎರಡು ಶಬ್ದ ಎಷ್ಟು ಒಂಟಿಯಾಗಿ ಕೇಳಿಸಿತೆಂದರೆ
ಅವನೇ ಒಮ್ಮೆ ಹಿಂದೆ ತಿರುಗಿ ನೋಡಿದ.
"ಯತೀಶ", ಅದು ನಾನು.
ಬೆಕ್ಕಿನ ಹತ್ತಿರ, ಅಜ್ಜಿಯ ಹತ್ತಿರ ಆಡುವ ಮಾತು
ಖಾಕಿ ಚಡ್ಡಿ ಹಾಕಿ ಎದ್ದು ನಿಂತಾಗ
ಕಿವಿಯ ತುದಿ ಬಿಸಿಯಾಯಿತು.
ಆ ಬಿಸಿಯೊಳಗೆ ಅವಳು ಇಷ್ಟು ದಿನ
ಹೇಗೆ ಕೂತಿದ್ದಳೋ.
ರಾಝಿಕ್ ತನ್ನ ಬ್ಯಾರಿಯಲ್ಲಿ ಏನೋ ಗೊಣಗಿದ,
ಯಾರಿಗೂ ತಿಳಿಯಲಿಲ್ಲ, ಎಲ್ಲರಿಗೂ ತಿಳಿಯಿತು.
ಲವೀನಾ, "ಹಾಂವ್ ಆಸಾಂ", ಇಗರ್ಜಿಯಲ್ಲಿ ಹೇಳುವಷ್ಟು ಮೆಲ್ಲಗೆ.
ಸುಹಾನಾ.
ಆಮೇಲೆ ಹ.

ಮಾಷ್ಟ್ರು ಕನ್ನಡಕ ತೆಗೆದರು.
ಹೊರಗೆ ಎಂಎಂಆರ್‌ಪಿಎಲ್ ಕಡೆಗೆ ಟ್ಯಾಂಕರೊಂದು ಗುಡುಗಿಕೊಂಡು ಹೋಯಿತು.
ಅದು ಹೋಗಿ ಮುಗಿಯುವತನಕ ಕಾದು
"ಹುಲಿಗೆವ್ವ" ಅಂದರು, ಮೊದಲ ಸಲ ಕರೆಯುವವರಂತೆ.

ಏಳಲಿಲ್ಲ ಅವಳು. ದೋಣಿಯ ಮೇಲಿನ ಉಗುರು ತೆಗೆದು,
ಕೂತಲ್ಲಿಂದಲೇ, ತುಸು ಸಿಟ್ಟಿನಲ್ಲಿ:
"ಅದೀನ್ರೀ. ದಿನಾ ಅದೀನ್ರೀ ಸರ್."

ಫೆಬ್ರವರಿಯಲ್ಲಿ ಕಟ್ಟಡಕ್ಕೆ ಬಣ್ಣ ಬಳಿದರು.
ನೀಲಿ ಶೀಟು ಮಡಚಿ ಲಾರಿಗೆ ಹೋಯಿತು.
ಸುಹಾನಾ ಆದಮೇಲೆ ಮಾಷ್ಟ್ರ ನಾಲಿಗೆ ಅಭ್ಯಾಸಬಲದಿಂದ
ಆ ಹೆಸರು ಕೂಗಿ ತಡೆಯಿತು.
ಹಿಂದಿನ ಬೆಂಚಿನಿಂದ, ಆಗಷ್ಟೇ ಒಡೆಯುತ್ತಿದ್ದ ಒಂದು ದನಿ:
"ಊರಿಗೆ ಹೋಗ್ಯಾಳ್ರೀ ಸರ್."

ಯಾರೂ ನಗಲಿಲ್ಲ.
ಅದು ಧನ್‌ರಾಜನೇ ಎಂದು ಆಣೆ ಹಾಕಲಾರೆ.
ನಾನು ತಿರುಗಿ ನೋಡಲಿಲ್ಲ.