ಹಾಗಲಕಾಯಿ ಚರ್ಮ

ಪಾಟರಿ ಟೌನಿನ ಏಳುಮಲೈ ಮಣ್ಣು ತೂಗುವಾಗ
ಕೇಳುವುದು ಒಂದೇ: ಯಾವ ಸಾಮಿಗಮ್ಮಾ?
ಸಾಮಿಗಲ್ಲ, ಎಂದೆ.
ತಕ್ಕಡಿಯಿಂದ ಒಂದು ಹಿಡಿ ವಾಪಸು ತೆಗೆದ.
ಏನನ್ನಿಸಿತೋ, ಮತ್ತೆ ಹಾಕಿದ.

ಭಾದ್ರಪದಕ್ಕೆ ಹೊಟ್ಟೆಯಾಗಬೇಕಿದ್ದ ಮಣ್ಣು
ಆಟೋದಲ್ಲಿ ನನ್ನ ಕಾಲ ಬಳಿ ಕೂತು
ಲಿಂಗರಾಜಪುರದ ಫ್ಲೈಓವರ್ ದಾಟಿ
ತಗಡು ಹೊದ್ದ ನನ್ನ ಶೆಡ್ಡಿಗೆ ಬಂತು.

ಅಲ್ಲಿ ಕಾಯುತ್ತಿತ್ತು ಜಬೀವುಲ್ಲಾನ ತಲೆ,
ಪ್ಲಾಸ್ಟರಿನದು, ಕಣ್ಣು ಮುಚ್ಚಿದ್ದು.
ಎರಡು ಮಹಡಿಯಿಂದ ಹಾರುವವನು,
ಬೆನ್ನಿಗೆ ಬೆಂಕಿ ಹಚ್ಚಿಕೊಂಡು ಓಡುವವನು,
ಮುಖಕ್ಕೆ ಅಚ್ಚಿನ ಹಿಟ್ಟು ಮೆತ್ತಿದ ಇಪ್ಪತ್ತು ನಿಮಿಷ
ನನ್ನ ವೇಲಿನ ತುದಿ ಹಿಡಿದುಕೊಂಡೇ ಇದ್ದ.
ಬಿಚ್ಚಿದ ಮೇಲೆ ಹೇಳಿದ:
"ಒಳಗೆ ನನ್ನೆದೆ, ಪಕ್ಕದ ಮನೆ ಬೋರ್‌ವೆಲ್ ಮೋಟರ್ ಥರ
ಕೇಳ್ತಿತ್ತಕ್ಕಾ."

ಆ ಮುಖದ ಮೇಲೆ ಈಗ ಇನ್ನೊಂದು ಮುಖ.
ಮೊದಲು ಹುಬ್ಬು. ಹೆಬ್ಬೆರಳಲ್ಲಿ ಒತ್ತಿ ಎಳೆದರೆ
ಸಿಟ್ಟು ಬರುತ್ತದೆ; ಇನ್ನಷ್ಟು ಎಳೆದರೆ
ಸಿಟ್ಟು ಹೋಗಿ ನೋವು.
ನಡುವೆ ಎಲ್ಲೋ ಕೂದಲೆಳೆಯಷ್ಟು ಜಾಗದಲ್ಲಿ
ಪ್ರಾಣಿ ಇದೆ.

ಪ್ರೊಡಕ್ಷನ್ನಿನ ಹಾಲೇಶನ ಮೆಸೇಜು:
ಮೇಡಂ, ಭಯ ಸಾಲ್ತಿಲ್ಲ. ಹಲ್ಲು ಇನ್ನೊಂದ್ ನಾಲ್ಕು ಹಾಕಿ.
ಹಾಕಿದೆ. ಹಾರ್ಮೋನಿಯಂ ಆಯಿತು.
ಕಿತ್ತೆ.

ಚರ್ಮಕ್ಕೆ ಹಾಗಲಕಾಯಿ ಬೇಕಿತ್ತು.
ಗೌರಕ್ಕನ ಗಾಡಿಯ ರಾಶಿಯಲ್ಲಿ ಒಂದೊಂದನ್ನೇ ಎತ್ತಿ
ಸವರಿ, ಬೆಳಕಿಗೆ ಹಿಡಿದು, ವಾಪಸಿಟ್ಟು—
"ಗೊಜ್ಜಿಗೋ, ಪಲ್ಯಕ್ಕೋ?"
"ಕೆನ್ನೆಗೆ."
ನನ್ನ ಕೆನ್ನೆ ಒಮ್ಮೆ ನೋಡಿ
"ಮೊಡವೆಗೆ ಒಳ್ಳೇದು ಬಿಡು" ಎಂದು
ಒಂದು ಹೆಚ್ಚಿಗೆ ಹಾಕಿದಳು.

ಹಸಿ ಮಣ್ಣಿನ ದವಡೆಯ ಮೇಲೆ ಕಾಯಿ ಹೊರಳಿಸಿದರೆ
ಗುಳ್ಳೆಯಿದ್ದಲ್ಲಿ ಗುಳಿ, ಗುಳಿಯಿದ್ದಲ್ಲಿ ಏಣು.
ಮಾಡಿದ್ದೆಲ್ಲ ಉಲ್ಟಾ ಬೀಳುವ ಕಸುಬು ಇದು.
ರಾತ್ರಿ ಅದನ್ನೇ ಬ್ರಷ್ಷಿನಲ್ಲಿ ತಿಕ್ಕಿ ತೊಳೆದು
ಗೊಜ್ಜು ಮಾಡಿದೆ. ಹಲ್ಲಿಗೆ ಒಂದು ಚೂರು ಮರಳು.

ಮಾರನೆಯ ಸಂಜೆ ಕರೆಂಟು ಹೋಯಿತು.
ಮೊಬೈಲ್ ಟಾರ್ಚನ್ನು ಗದ್ದದ ಕೆಳಗಿಟ್ಟು
ಕೆಳರೆಪ್ಪೆಗೆ ಅಕ್ಕಿಕಾಳಿನಷ್ಟು ಮಣ್ಣು ಸೇರಿಸಿದೆ.
ಅಷ್ಟೇ.
ನಿದ್ದೆಗೆಟ್ಟ ರೆಪ್ಪೆ.
ಇನ್ನೂ ಮನೆಗೆ ಹೋಗಿಲ್ಲವಾ, ಅನ್ನುವಂತೆ
ಅದು ನನ್ನನ್ನು ನೋಡಿತು.
ಒದ್ದೆ ಬಟ್ಟೆ ಹೊದಿಸಿ, ಬೀಗ ಹಾಕಿ,
ಬಸ್‌ಸ್ಟಾಪಿನವರೆಗೆ ಸ್ವಲ್ಪ ಜೋರಾಗಿಯೇ ನಡೆದೆ.

ಗಟ್ಟಿಯಾಗುವಾಗ ಪ್ಲಾಸ್ಟರಿಗೆ ಜ್ವರ ಬರುತ್ತದೆ.
ಅಂಗೈಯಿಟ್ಟು ನೋಡುತ್ತ ಕೂತೆ, ಇಳಿಯುವವರೆಗೆ.
ಆಮೇಲೆ ಉಳಿ, ಮರದ ಬೆಣೆ, ಒಂದು ಬೈಗುಳ,
ಅಚ್ಚು ಎರಡು ಹೋಳಾಯಿತು.

ಯಾವ ತಲೆಯೂ ಇಡಿಯಾಗಿ ಹೊರಬಂದಿಲ್ಲ ಇದುವರೆಗೆ.
ಕಿವಿ ಬಕೆಟ್ಟಿಗೆ ಬಿತ್ತು. ಹುಬ್ಬು ಚಮಚದಲ್ಲಿ ಬಂತು.
ಹನ್ನೊಂದು ದಿನದ ಕೆಲಸ
ಏಳುಮಲೈ ತೂಗಿ ಕೊಟ್ಟ ಹಾಗೆಯೇ
ಮತ್ತೆ ಬರೀ ಮಣ್ಣು, ನಾಲ್ಕು ಕೆಜಿ ಚಿಲ್ಲರೆ.

ಖಾಲಿ ಅಚ್ಚನ್ನು ತೊಳೆದು ಗೋಡೆಗೆ ಒರಗಿಸಿ
ಟವೆಲ್ ತರಲು ಆಚೆಗೆ ಹೋದೆ,
ಹಳ್ಳವಾಗಿದ್ದ ಮುಖ ಉಬ್ಬಿ ಬಂದು
ನನ್ನ ಜೊತೆಗೇ ತಿರುಗಿತು.
ಈಚೆಗೆ ಬಂದೆ. ಈಚೆಗೂ ತಿರುಗಿತು.
ಬೆಳಕಿನ ಮೋಸ ಅಂತ ಗೊತ್ತು,
ಗೊತ್ತಿದ್ದೂ ಟವೆಲ್ಲನ್ನು ಅದರ ಮೇಲೆಯೇ ಹಾಕಿದೆ.
ಹಾಲೇಶ ಕೇಳಿದ ಭಯ ಇಲ್ಲಿದೆ.
ಇದು ಶೂಟಿಂಗಿಗೆ ಹೋಗುವುದಿಲ್ಲ.

ಅಮೋನಿಯಾ ವಾಸನೆಯ ಬಿಳಿ ರಬ್ಬರು ಹೊಯ್ದು,
ಅಲುಗಿಸಿ, ಬಗ್ಗಿಸಿ, ಮತ್ತೆ ಹೊಯ್ದು
(ಪಕ್ಕದ ಟೈಲರ್ ಕೆಮ್ಮಿ ಕೆಮ್ಮಿ ಗೋಡೆ ಗುದ್ದಿದ)
ಮೂರನೆಯ ದಿನ ಪೌಡರು ಉದುರಿಸಿ ಸುಲಿದೆ.
ಕೈಯಲ್ಲಿ ತೂಕವೇ ಇಲ್ಲ.

ಜಬೀವುಲ್ಲಾ ಹಾಕಿಕೊಂಡ.
ಸುಕ್ಕೆಲ್ಲ ಸರಿಯಾಗಿ ಕೂತವು, ರೆಪ್ಪೆಯೂ ಕೂತಿತು.
ಬಾಗಿಲಲ್ಲಿದ್ದ ಹಾಲೇಶ ಒಂದು ಹೆಜ್ಜೆ ಹಿಂದೆ ಸರಿದು
ಸರಿದಿಲ್ಲವೆಂಬಂತೆ ಫೋನು ನೋಡಿದ.

ಒಳಗಿಂದ ಸಣ್ಣ ದನಿ:
"ಅಕ್ಕಾ, ಮೂಗು."

ಬ್ಲೇಡು ತೆಗೆದು ತೂತು ಅಗಲ ಮಾಡತೊಡಗಿದೆ.
ಪ್ರಾಣಿ ಅಲುಗದೆ ನಿಂತಿತ್ತು,
ಅದರ ಒಂದು ಕೈ ಮಾತ್ರ
ನನ್ನ ವೇಲಿನ ತುದಿ ಹುಡುಕುತ್ತಿತ್ತು.